ದೀಪದ ಲೆಕ್ಕ

ಅಂಗಡಿಯಲ್ಲಿ ಅಕ್ಕಿ ಕೊಳ್ಳುವವನಿಗೆ ತಕ್ಕಡಿ ಕಣ್ಣೆದುರಿಗೇ ಇರುತ್ತದೆ. ಸೇರು ಪಾವುಗಳಿದ್ದ ಕಾಲದಲ್ಲಿಯೂ ಅಳೆಯುವವನ ಕೈಯನ್ನು ಕೊಳ್ಳುವವನು ನೋಡುತ್ತಲೇ ಇರುತ್ತಿದ್ದನು. ಅಳತೆ ತುಸು ಕಡಮೆಯೆಂದು ಕಂಡರೆ “ಸೇರು ತುಂಬ ಅಳೆಯಪ್ಪಾ” ಎಂದು ಅಲ್ಲಿಯೇ ಹೇಳುತ್ತಿದ್ದನು. ಬೆಲೆಯನ್ನು ಮೊದಲು ಕೇಳಿ, ಕೈಯಲ್ಲಿರುವ ಹಣವನ್ನು ಎಣಿಸಿಕೊಂಡು, ಎಷ್ಟು ಬೇಕೋ ಅಷ್ಟನ್ನು ಕೊಳ್ಳುವುದು ಬಡವನಿಗೆ ಸಾಧ್ಯವಿತ್ತು. ವಿದ್ಯುತ್ತಿನ ವ್ಯಾಪಾರ ಹಾಗಲ್ಲ. ಈ ಸರಕು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಕ್ಕುವುದಿಲ್ಲ. ಇದನ್ನು ಮೊದಲು ಬಳಸಿ ಮುಗಿಸುತ್ತೇವೆ. ಎಷ್ಟು ಬಳಸಿದೆವು, ಅದರ ಕ್ರಯವೆಷ್ಟು ಎಂಬುದು ತಿಂಗಳಾದ ಮೇಲೆ ಒಂದು ಚೀಟಿಯಲ್ಲಿ ಬರುತ್ತದೆ. ಬೇಡವೆಂದು ಹಿಂದಿರುಗಿಸುವ ಮಾತೇ ಇಲ್ಲ.

ಸಂಬಳದ ಮನೆಗೆ ಈ ಚೀಟಿ ನೂರು ರೂಪಾಯಿ ಹೆಚ್ಚಾಗಿ ಬಂದರೆ ಅದೊಂದು ಬೇಸರ. ಕೂಲಿಯ ಮನೆಗೆ ಅದು ಎರಡು ದಿನದ ಸಂತೆಯ ಸಾಮಾನು. ಆದುದರಿಂದ ಬಡವರ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಎರಡು ಗುಣಗಳಿರಬೇಕು. ಅದು ನ್ಯಾಯವಾಗಿರಬೇಕು, ಮತ್ತು ಇಷ್ಟೇ ಬರುತ್ತದೆಂದು ಮುಂಚೆಯೇ ಊಹಿಸಲು ಬರುವಂತಿರಬೇಕು. ಈ ಎರಡೂ ಒಂದೇ ಅಲ್ಲ. ಪ್ರತಿ ತಿಂಗಳೂ ತಪ್ಪದೆ ಐನೂರು ರೂಪಾಯಿ ಕೇಳುವ ಬಿಲ್ಲು ಊಹೆಗೆ ಸಿಕ್ಕುತ್ತದೆ, ಆದರೆ ಅನ್ಯಾಯವಾಗಿರಬಹುದು. ಬಳಸಿದಷ್ಟಕ್ಕೇ ಕೇಳುವ ಬಿಲ್ಲು ನ್ಯಾಯವಾಗಿದ್ದರೂ, ಮೂರು ತಿಂಗಳ ಲೆಕ್ಕವನ್ನು ಒಮ್ಮೆಲೇ ತಂದಿಟ್ಟರೆ ಮನೆಯವರನ್ನು ಸಾಲಕ್ಕೆ ದೂಡುತ್ತದೆ.

ಮೊದಲು ಅಳತೆಯ ವಿಚಾರವನ್ನು ನೋಡೋಣ. ಒಂದು ಸಾವಿರ ವ್ಯಾಟ್ ಶಕ್ತಿಯ ಉಪಕರಣವೊಂದು ಒಂದು ಗಂಟೆ ಕೆಲಸ ಮಾಡಿದರೆ ಖರ್ಚಾಗುವ ವಿದ್ಯುತ್ತಿಗೆ ಒಂದು ಯೂನಿಟ್ ಎಂದು ಹೆಸರು. ಈ ಒಂದು ಸೂತ್ರ ತಿಳಿದಿದ್ದರೆ ಯಾವ ಮನೆಯ ಲೆಕ್ಕವನ್ನಾದರೂ ನೀವೇ ಹಾಕಬಹುದು. ಹೊನ್ನಾಳಿ, ನ್ಯಾಮತಿ ಸೀಮೆಯ ಗೋವಿನಕೋವಿಯಂತಹ ಊರಿನಲ್ಲಿ ಕೂಲಿಯಿಂದ ಜೀವಿಸುವ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಒಂಬತ್ತು ವ್ಯಾಟಿನ ನಾಲ್ಕು ಎಲ್‌ಇಡಿ ದೀಪಗಳು ದಿನಕ್ಕೆ ಐದು ಗಂಟೆ ಉರಿಯುತ್ತವೆ, ತಿಂಗಳಿಗೆ 5.4 ಯೂನಿಟ್. ಎಪ್ಪತ್ತೈದು ವ್ಯಾಟಿನ ಎರಡು ಫ್ಯಾನುಗಳು ದಿನಕ್ಕೆ ಎಂಟು ಗಂಟೆ ತಿರುಗುತ್ತವೆ. ತಿಂಗಳಿಗೆ 36 ಯೂನಿಟ್. ಅರವತ್ತು ವ್ಯಾಟಿನ ಟಿ.ವಿ. ದಿನಕ್ಕೆ ನಾಲ್ಕು ಗಂಟೆ ನಡೆದರೆ 7.2 ಯೂನಿಟ್. ಐನೂರು ವ್ಯಾಟಿನ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ಓಡಿದರೆ ಎರಡೂವರೆ ಯೂನಿಟ್. ಎಲ್ಲ ಸೇರಿ 51 ಯೂನಿಟ್ಟಿನಷ್ಟಾಯಿತು. ದೀಪಗಳ ಪಾಲು ಇದರಲ್ಲಿ ಹತ್ತರಲ್ಲಿ ಒಂದರಷ್ಟು ಮಾತ್ರ ಎಂಬುದನ್ನು ಗಮನಿಸಿರಿ. ಹಿಂದಿನ ಅರವತ್ತು ವ್ಯಾಟಿನ ಬುರುಡೆ ದೀಪಗಳಿದ್ದಿದ್ದರೆ ಅದೇ ನಾಲ್ಕು ದೀಪಗಳಿಗೆ 36 ಯೂನಿಟ್ ಬೇಕಾಗುತ್ತಿತ್ತು. ದೀಪವಾರಿಸಿದ ಮಾತ್ರಕ್ಕೆ ಬಿಲ್ಲು ಇಳಿಯುತ್ತದೆಂದು ಹಿರಿಯರು ಮಕ್ಕಳನ್ನು ಗದರುವುದು ಆ ಕಾಲದ ಲೆಕ್ಕ. ಈಗಿನ ಮನೆಯಲ್ಲಿ ಗದರಬೇಕಾದದ್ದು ಫ್ಯಾನಿನ ವಿಷಯದಲ್ಲಿ!

ಯೂನಿಟ್ಟುಗಳನ್ನು ಎಣಿಸುವುದು ಮೀಟರಿನ ಕೆಲಸ. ವಿದ್ಯುತ್ತನ್ನು ಮನೆಗಳಿಗೆ ಮಾರತೊಡಗಿದ ಮೊದಲ ದಿನಗಳಲ್ಲಿ ಥಾಮಸ್ ಎಡಿಸನ್ ಬಳಸಿದ ಮೀಟರಿನಲ್ಲಿ ದ್ರಾವಣದಲ್ಲಿ ಮುಳುಗಿಸಿದ ಸತುವಿನ ತಗಡುಗಳಿದ್ದವು. ವಿದ್ಯುತ್ತು ಹರಿದಂತೆ ಒಂದು ತಗಡಿನ ಸತುವು ಕರಗಿ ಇನ್ನೊಂದಕ್ಕೆ ಕೂಡಿಕೊಳ್ಳುತ್ತಿತ್ತು. ಕಂಪನಿಯವರು ಆ ತಗಡುಗಳನ್ನು ಕೊಂಡೊಯ್ದು ತೂಗಿ, ತೂಕದ ವ್ಯತ್ಯಾಸದಿಂದ ಬಿಲ್ಲು ಬರೆಯುತ್ತಿದ್ದರು. ಮನೆಯವನಿಗೆ ಅದನ್ನು ಓದಿ ತಿಳಿಯುವ ದಾರಿಯೇ ಇರಲಿಲ್ಲ. ಇಂದಿನ ಮೀಟರು ಅಂಕಿಗಳನ್ನೇ ತೋರಿಸುತ್ತದೆ. ಹೋದ ತಿಂಗಳ ಅಂಕಿಯನ್ನು ಈ ತಿಂಗಳ ಅಂಕಿಯಿಂದ ಕಳೆದರೆ ಬಳಕೆ ದೊರೆಯುತ್ತದೆ. ಅಕ್ಷರ ಬಲ್ಲ ಯಾರಾದರೂ ಇದನ್ನು ಪರೀಕ್ಷಿಸಬಹುದು. ಆದರೂ ಪರೀಕ್ಷಿಸುವವರು ಬಹಳ ಕಡಮೆ.

ಇನ್ನು ದರದ ವಿಚಾರ. ನಮ್ಮ ನಾಡಿಗೆ ವಿದ್ಯುತ್ತು ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಆದರೆ ಹಳ್ಳಿಯ ಬಡವರ ಮನೆಗೆ ಅದು ಬಂದುದು ಬಹಳ ತಡವಾಗಿ. 1957ರಲ್ಲಿ ರಾಜ್ಯ ವಿದ್ಯುತ್ ಮಂಡಳಿ ಸ್ಥಾಪನೆಯಾದ ಮೇಲೆ ಕಂಬಗಳು ಊರೂರಿಗೆ ಬಂದವು. ಕಂಬ ಬಂದರೂ ಗುಡಿಸಲಿಗೆ ತಂತಿ ಎಳೆಸಿಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. 1980ರ ಆಸುಪಾಸಿನಲ್ಲಿ ಸರ್ಕಾರವು ‘ಭಾಗ್ಯ ಜ್ಯೋತಿ’ ಎಂಬ ಯೋಜನೆಯಿಂದ ಅಂತಹ ಮನೆಗಳಿಗೆ ತಲಾ ಒಂದು ದೀಪವನ್ನು ಕೊಟ್ಟಿತು. ಒಂದು ಮನೆ, ಒಂದು ಬುರುಡೆ. ಮಕ್ಕಳು ಸೀಮೆಎಣ್ಣೆಯ ಬುಡ್ಡಿಯನ್ನು ಬಿಟ್ಟು ಆ ದೀಪದ ಕೆಳಗೆ ಓದಿದರು. ಅದರ ಉಪಕಾರ ಸಣ್ಣದಲ್ಲ.

ಆದರೆ ಮನೆಯೆಂಬುದು ಬೆಳೆಯುವ ವಸ್ತು. ಒಂದು ದೀಪವಿದ್ದಲ್ಲಿ ಎರಡಾಯಿತು, ಫ್ಯಾನು ಬಂದಿತು, ಟಿ.ವಿ. ಬಂದಿತು. ಯೋಜನೆಯ ನಿಯಮ ಮಾತ್ರ ತಿಂಗಳಿಗೆ 18 ಯೂನಿಟ್ಟಿನವರೆಗೆ ಸರ್ಕಾರವೇ ಹಣ ಕೊಡುವುದು, ಅದನ್ನು ಮೀರಿದರೆ ಸಾಮಾನ್ಯ ಬಳಕೆದಾರರ ದರದಲ್ಲಿ ಬಿಲ್ಲು ಎಂದಿತ್ತು. ಮುಂದೆ ಈ ಮಿತಿಯನ್ನು 40 ಯೂನಿಟ್ಟಿಗೆ ಏರಿಸಿದರು. ಮಿತಿ ಮೀರಿದುದು ಎಷ್ಟೋ ಮನೆಯವರಿಗೆ ತಿಳಿಯಲೇ ಇಲ್ಲ. ತಮ್ಮದು ಪುಕ್ಕಟೆ ದೀಪವೆಂದೇ ಅವರು ನಂಬಿದ್ದರು; ಕಚೇರಿಯ ಪುಸ್ತಕದಲ್ಲಿ ಬಾಕಿ ಬೆಳೆಯುತ್ತಿತ್ತು. 2023ರ ಜೂನ್ ತಿಂಗಳಲ್ಲಿ ಕೊಪ್ಪಳದಲ್ಲಿ ಭಾಗ್ಯ ಜ್ಯೋತಿಯ ದೀಪವಿದ್ದ ವೃದ್ಧೆಯೊಬ್ಬರಿಗೆ ಒಂದು ಲಕ್ಷ ರೂಪಾಯಿ ಮೀರಿದ ಬಿಲ್ಲು ಬಂದ ಸುದ್ದಿ ನಾಡಿನಲ್ಲೆಲ್ಲ ಹರಡಿತು. ಅದು ತಾಂತ್ರಿಕ ದೋಷದಿಂದಾದುದೆಂದೂ ಅವರು ಆ ಹಣವನ್ನು ಕಟ್ಟಬೇಕಾಗಿಲ್ಲವೆಂದೂ ಇಂಧನ ಸಚಿವರು ಆಗ ತಿಳಿಸಿದರು. ಪತ್ರಿಕೆಯವರು ಬಂದುದರಿಂದ ಅಲ್ಲಿ ಬೇಗ ನ್ಯಾಯ ದೊರೆಯಿತು. ಲಕ್ಷವಲ್ಲದೆ ಬರಿಯ ಎರಡು ಸಾವಿರ ತಪ್ಪಾಗಿ ಬಂದಿದ್ದರೆ ಅದು ಸುದ್ದಿಯಾಗುತ್ತಿರಲಿಲ್ಲ. ಬಹುಶಃ ಆ ಮನೆಯವರು ಸಾಲ ಮಾಡಿ ಕಟ್ಟಿಬಿಡುತ್ತಿದ್ದರು. ದೊಡ್ಡ ತಪ್ಪಿಗಿಂತ ಸಣ್ಣ ತಪ್ಪು ಬಡವರಿಗೆ ಹೆಚ್ಚು ಅಪಾಯಕಾರಿ ಎಂದು ನನಗೆ ತೋರುತ್ತದೆ.

ಬಿಲ್ಲಿನ ಚೀಟಿಯನ್ನು ಬಿಡಿಸಿ ನೋಡಿದರೆ ಮುಖ್ಯವಾಗಿ ಎರಡು ಮೊತ್ತಗಳು ಕಾಣುತ್ತವೆ. ಬಳಸಿದ ಯೂನಿಟ್ಟುಗಳ ಬೆಲೆ ಒಂದು. ನಿಗದಿತ ಶುಲ್ಕ ಇನ್ನೊಂದು. ಇವುಗಳ ಜೊತೆಗೆ ತೆರಿಗೆ, ಇಂಧನದ ಬೆಲೆ ಏರಿಳಿದುದಕ್ಕೆ ತಕ್ಕಂತೆ ಕೂಡಿಸುವ ಅಥವಾ ಕಳೆಯುವ ಹೊಂದಾಣಿಕೆ ಮುಂತಾದ ಚಿಲ್ಲರೆ ಬಾಬುಗಳು ಇರುತ್ತವೆ. ನಿಗದಿತ ಶುಲ್ಕವೆಂದರೆ ದೀಪವನ್ನು ಹಚ್ಚದಿದ್ದರೂ ಕೊಡಬೇಕಾದ ಹಣ. ಇದೇಕೆ ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಹಳೆಯದು. 1892ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಜಾನ್ ಹಾಪ್‌ಕಿನ್ಸನ್ ಎಂಬಾತನು ವಿದ್ಯುತ್ತಿನ ವೆಚ್ಚದಲ್ಲಿ ಎರಡು ಬಗೆಯುಂಟೆಂದು ತೋರಿಸಿಕೊಟ್ಟನು. ಯಂತ್ರ, ಕಂಬ, ತಂತಿಗಳನ್ನು ಸಿದ್ಧವಾಗಿಟ್ಟಿರುವುದಕ್ಕೆ ತಗಲುವ ವೆಚ್ಚ ಒಂದು ಬಗೆ. ಅದು ನೀವು ಗುಂಡಿಯೊತ್ತಿದರೂ ಒತ್ತದಿದ್ದರೂ ಇದ್ದೇ ಇರುತ್ತದೆ. ಉರಿಸುವ ಇಂಧನದ ವೆಚ್ಚ ಇನ್ನೊಂದು ಬಗೆ. ಅದು ಬಳಸಿದಷ್ಟಕ್ಕೆ ಮಾತ್ರ. ಊರಿಗೆ ಬರುವ ಬಸ್ಸು ಒಂದು ದಿನ ಖಾಲಿ ಹೋದರೂ ಚಾಲಕನ ಸಂಬಳ ನಿಲ್ಲುವುದಿಲ್ಲ ಎಂಬಂತೆ ಇದು.

ತರ್ಕ ಸರಿಯಾಗಿಯೇ ಇದೆ. ಆದರೆ ಅದರ ಭಾರ ಬೀಳುವುದು ಯಾರ ಮೇಲೆ? ಕರ್ನಾಟಕದಲ್ಲಿ 2025-26ಕ್ಕೆ ಗೃಹಬಳಕೆಗೆ ನಿಗದಿಯಾದ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ನಿಗದಿತ ಶುಲ್ಕ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ. ಸಹಾಯಧನವಿಲ್ಲದ ಎರಡು ಮನೆಗಳನ್ನು ತೆಗೆದುಕೊಳ್ಳಿ. ಎರಡಕ್ಕೂ ಮಂಜೂರಾದುದು ಒಂದೇ ಕಿಲೋವ್ಯಾಟ್. ತಿಂಗಳಿಗೆ 20 ಯೂನಿಟ್ ಬಳಸುವ ಮನೆ ಯೂನಿಟ್ಟುಗಳಿಗೆ 116 ರೂಪಾಯಿ, ಶುಲ್ಕಕ್ಕೆ 145 ರೂಪಾಯಿ, ಒಟ್ಟು 261 ರೂಪಾಯಿ ಕೊಡಬೇಕು. ಯೂನಿಟ್ಟಿಗೆ 13 ರೂಪಾಯಿಗೂ ಮೇಲಾಯಿತು. ನೂರು ಯೂನಿಟ್ ಬಳಸುವ ಮನೆ ಒಟ್ಟು 725 ರೂಪಾಯಿ ಕೊಟ್ಟರೂ ಅದಕ್ಕೆ ಬೀಳುವುದು ಯೂನಿಟ್ಟಿಗೆ 7 ರೂಪಾಯಿ 25 ಪೈಸೆ ಮಾತ್ರ. ಕಡಮೆ ಬಳಸುವವನಿಗೆ ದುಬಾರಿ, ಹೆಚ್ಚು ಬಳಸುವವನಿಗೆ ಅಗ್ಗ! ಬರದ ವರ್ಷದಲ್ಲಿ ಜಗಳೂರಿನ ಕಡೆಯಿಂದ ಗುಳೆ ಹೋಗುವ ಸಂಸಾರದ ಮನೆಗೆ ಮೂರು ತಿಂಗಳು ಬೀಗ ಬಿದ್ದಿದ್ದರೂ ಈ ಶುಲ್ಕ ನಿಲ್ಲುವುದಿಲ್ಲ.

ಇದನ್ನು ಸರಿತೂಗಿಸುವುದಕ್ಕಾಗಿಯೇ ಹಿಂದಿನಿಂದಲೂ ಮೆಟ್ಟಿಲು ದರಗಳ ಪದ್ಧತಿ ಬಂದುದು. ಮೊದಲ ಕೆಲವು ಯೂನಿಟ್ಟುಗಳಿಗೆ ಕಡಮೆ ದರ, ಮೇಲೇರಿದಂತೆ ಹೆಚ್ಚು ದರ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1975ರಲ್ಲಿ ಜೀವನಾವಶ್ಯಕವಾದಷ್ಟು ವಿದ್ಯುತ್ತನ್ನು ಅಗ್ಗದ ದರದಲ್ಲಿ ಕೊಡಬೇಕೆಂದು ಕಾನೂನನ್ನೇ ಮಾಡಿತು. ನಮ್ಮಲ್ಲಿಯೂ ಬಹುಕಾಲ 30, 100, 200 ಯೂನಿಟ್ಟುಗಳ ಮೆಟ್ಟಿಲುಗಳಿದ್ದವು. ಈ ಮೆಟ್ಟಿಲುಗಳನ್ನು ಎರಡು ರೀತಿಯಲ್ಲಿ ಕಟ್ಟಬಹುದು; ಇವೆರಡರ ಅಂತರವನ್ನು ಚೆನ್ನಾಗಿ ತಿಳಿಯಬೇಕು. ಮೊದಲನೆಯದರಲ್ಲಿ ನೂರು ಯೂನಿಟ್ ಮೀರಿದವನು ಮೀರಿದ ಯೂನಿಟ್ಟುಗಳಿಗೆ ಮಾತ್ರ ಹೆಚ್ಚಿನ ದರ ಕೊಡುತ್ತಾನೆ. ಕೆಳಗಿನ ನೂರಕ್ಕೆ ಹಳೆಯ ದರವೇ ಉಳಿಯುತ್ತದೆ. ಎರಡನೆಯದರಲ್ಲಿ ಗೆರೆ ದಾಟಿದೊಡನೆ ಮೊದಲ ಯೂನಿಟ್ಟಿನಿಂದಲೇ ಹೆಚ್ಚಿನ ದರ ಅನ್ವಯವಾಗುತ್ತದೆ. ಮೊದಲನೆಯದು ಮೆಟ್ಟಿಲು, ಎರಡನೆಯದು ಮೆಟ್ಟಿಲಿನ ವೇಷದ ಕಂದಕ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2023ರ ಮೇ 12ರಂದು ಹೊರಡಿಸಿದ ದರಪಟ್ಟಿಯಲ್ಲಿ ಇಂತಹ ಕಂದಕವಿತ್ತು. ನೂರು ಯೂನಿಟ್ಟಿನವರೆಗೆ 4 ರೂಪಾಯಿ 75 ಪೈಸೆ; ನೂರು ಮೀರಿದರೆ ಎಲ್ಲ ಯೂನಿಟ್ಟುಗಳಿಗೂ 7 ರೂಪಾಯಿ. ನೂರಕ್ಕೆ 475 ರೂಪಾಯಿ ಆದರೆ ನೂರೊಂದಕ್ಕೆ 707 ರೂಪಾಯಿ. ಆ ಒಂದು ಯೂನಿಟ್ಟಿನ ಬೆಲೆ 232 ರೂಪಾಯಿ ಆದಂತಾಯಿತು. ದಿನಕ್ಕೆ ಮೂರು ಯೂನಿಟ್ ಬಳಸುವ ಒಂದು ಮನೆಯಿದೆಯೆನ್ನೋಣ. ಮೀಟರ್ ಓದುವವರು ಸರಿಯಾಗಿ ಮೂವತ್ತನೆಯ ದಿನಕ್ಕೆ ಬಂದರೆ ಬಳಕೆ 90 ಯೂನಿಟ್, ಬೆಲೆ 427 ರೂಪಾಯಿ 50 ಪೈಸೆ. ಹಬ್ಬವೋ ರಜೆಯೋ ಬಂದು ಅವರು ನಾಲ್ಕು ದಿನ ತಡಮಾಡಿದರೆ ಬಳಕೆ 102 ಯೂನಿಟ್. ದಿನಗಳ ಲೆಕ್ಕಕ್ಕೆ ತಕ್ಕಂತೆ ಗೆರೆಯನ್ನೂ ಮುಂದಕ್ಕೆ ಸರಿಸದಿದ್ದರೆ ಬೆಲೆ 714 ರೂಪಾಯಿ. ಮನೆಯವರು ಒಂದು ದೀಪವನ್ನೂ ಹೆಚ್ಚಾಗಿ ಉರಿಸಿಲ್ಲ. ಬಂದವರ ಕಾಲ್ನಡಿಗೆಯ ಮೇಲೆ ಬಿಲ್ಲು ನಿಂತಿತು.

ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ಮೇ ತಿಂಗಳಲ್ಲಿ ಹೊರಟ ಆದೇಶ ಏಪ್ರಿಲ್ ಒಂದರಿಂದಲೇ ಜಾರಿಗೆ ಬಂದುದರಿಂದ ಏಪ್ರಿಲ್ ತಿಂಗಳ ವ್ಯತ್ಯಾಸದ ಹಣವನ್ನು ಜೂನ್ ತಿಂಗಳ ಬಿಲ್ಲಿಗೆ ಸೇರಿಸಿದರು. ಉಂಡು ಕೈತೊಳೆದು ಎರಡು ತಿಂಗಳಾದ ಮೇಲೆ ಊಟದ ಬೆಲೆ ಏರಿತೆಂದು ಹೇಳಿದ ಹಾಗಾಯಿತು. ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪಲ್ಲದಿರಬಹುದು. ಆದರೆ ಬಳಸುವ ಮುನ್ನ ಬೆಲೆ ತಿಳಿಯಬೇಕೆಂಬ ಸಂತೆಯ ನ್ಯಾಯಕ್ಕೆ ಅದು ಹೊಂದುವುದಿಲ್ಲ. 2024ರ ಫೆಬ್ರವರಿಯಲ್ಲಿ ಆಯೋಗವು ಈ ಕಂದಕವನ್ನು ಮುಚ್ಚಿ, ಆ ಏಪ್ರಿಲ್‌ನಿಂದ ಎಲ್ಲ ಗೃಹಬಳಕೆಗೂ 5 ರೂಪಾಯಿ 90 ಪೈಸೆಯ ಒಂದೇ ದರವನ್ನು ಗೊತ್ತುಮಾಡಿತು. 2025ರ ಮಾರ್ಚ್‌ನಲ್ಲಿ ಮುಂದಿನ ಮೂರು ವರ್ಷಗಳ ದರಗಳನ್ನು ಒಟ್ಟಿಗೇ ಪ್ರಕಟಿಸಿತು. ಒಂದೇ ದರದಿಂದ ಕಡಮೆ ಬಳಸುವವನಿಗಿದ್ದ ರಿಯಾಯಿತಿ ಹೋಯಿತು, ನಿಜ. ಆದರೆ ಲೆಕ್ಕ ಸರಳವಾಯಿತು, ಮೂರು ವರ್ಷದ ಮುನ್ನೋಟ ದೊರೆಯಿತು. ಇದನ್ನು ನಾನು ಒಳ್ಳೆಯ ಹೆಜ್ಜೆಯೆಂದೇ ಎಣಿಸುತ್ತೇನೆ.

ನೆರೆಯ ಕೇರಳದಲ್ಲಿ, ನಮ್ಮ ಕಾಸರಗೋಡಿನ ಕನ್ನಡಿಗರೂ ಕಟ್ಟುವ ಬಿಲ್ಲಿನಲ್ಲಿ, ತಿಂಗಳಿಗೆ 250 ಯೂನಿಟ್ಟಿನವರೆಗೆ ನಿಜವಾದ ಮೆಟ್ಟಿಲುಗಳಿದ್ದು ಅದರಾಚೆಗೆ ಮಾತ್ರ ಎಲ್ಲ ಯೂನಿಟ್ಟುಗಳಿಗೂ ಒಂದೇ ಹೆಚ್ಚಿನ ದರವನ್ನು ಹಾಕುವ ಕ್ರಮವನ್ನು ಅನುಸರಿಸಿದ್ದಾರೆ. ಕಂದಕವನ್ನು ಬಡವರ ಅಂಗಳದಿಂದ ದೂರಕ್ಕೆ ಸರಿಸಿದಂತಾಯಿತು.

ಇನ್ನು ನಮ್ಮ ರಾಜ್ಯದ ‘ಗೃಹ ಜ್ಯೋತಿ’ ಯೋಜನೆಗೆ ಬರೋಣ. 2023ರ ಜುಲೈ ತಿಂಗಳಿಂದ ಜಾರಿಯಾದ ಈ ಯೋಜನೆಯಿಂದ ಲಕ್ಷಾಂತರ ಮನೆಗಳಿಗೆ ಶೂನ್ಯ ಬಿಲ್ಲು ಬರತೊಡಗಿತು. ಭಾಗ್ಯ ಜ್ಯೋತಿ, ಕುಟೀರ ಜ್ಯೋತಿಗಳೂ ಇದರಲ್ಲಿ ಸೇರಿಹೋದವು. ತಿಂಗಳಿಗೆ 200 ಯೂನಿಟ್ಟಿನವರೆಗೆ ಉಚಿತ ಎಂದು ಜನ ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಪ್ರತಿ ಮನೆಯೂ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡಾ ಹತ್ತನ್ನು ಕೂಡಿಸಿದರೆ ಬರುವ ಅಂಕಿಯೇ ಆ ಮನೆಯ ಹಕ್ಕು. ಅದನ್ನು ಮೀರಿ 200ರ ಒಳಗೆ ಬಳಸಿದರೆ ಮೀರಿದಷ್ಟಕ್ಕೆ ಹಣ ಕೊಡಬೇಕು. 200 ಮೀರಿದರೆ ಇಡೀ ಬಿಲ್ಲನ್ನೂ ಕಟ್ಟಬೇಕು.

ಈ ಸೂತ್ರದ ಪರಿಣಾಮವನ್ನು ನಿಧಾನವಾಗಿ ಯೋಚಿಸಿ ನೋಡಿರಿ. ತಿಂಗಳಿಗೆ 180 ಯೂನಿಟ್ ಬಳಸುತ್ತಿದ್ದ ಅನುಕೂಲಸ್ಥರ ಮನೆಗೆ 198 ಯೂನಿಟ್ ಉಚಿತವಾಯಿತು. ಎರಡು ದೀಪ, ಒಂದು ಫ್ಯಾನಿನಲ್ಲಿ 20 ಯೂನಿಟ್ಟಿಗೆ ಸಂಸಾರ ತೂಗಿಸುತ್ತಿದ್ದ ಮನೆಗೆ ದೊರೆತುದು 22 ಯೂನಿಟ್. ಮಿತವ್ಯಯಕ್ಕೆ ಕಡಮೆ ಬಹುಮಾನ, ಧಾರಾಳಕ್ಕೆ ಹೆಚ್ಚು! ಆ ವರ್ಷ ಗುಳೆ ಹೋಗಿ ಅರ್ಧ ವರ್ಷ ಬಾಗಿಲು ಮುಚ್ಚಿದ್ದ ಮನೆಯಾದರೆ ಅದರ ಸರಾಸರಿ ಇನ್ನೂ ಕೆಳಗಿರುತ್ತದೆ. ಬಡತನದ ಒಂದು ವರ್ಷ ಮುಂದಿನ ಎಲ್ಲ ವರ್ಷಗಳ ಅಳತೆಗೋಲಾಗುತ್ತದೆ. ಹಾಗೆಂದು ಈ ಸೂತ್ರವನ್ನು ಮಾಡಿದವರನ್ನು ದೂರುವುದೂ ಸರಿಯಲ್ಲ. ಎಲ್ಲರಿಗೂ 200 ಯೂನಿಟ್ ಕೊಟ್ಟರೆ ಎಲ್ಲರೂ ಬಳಕೆಯನ್ನು 200ಕ್ಕೆ ಏರಿಸಿಬಿಟ್ಟಾರೆಂಬ ಭಯ ಅವರಿಗಿತ್ತು. ಅದು ನಿರಾಧಾರವಾದ ಭಯವಲ್ಲ. ಸೂತ್ರದ ದೋಷ ಸರ್ಕಾರದ ಗಮನಕ್ಕೂ ಬಂದಿತು. 2024ರ ಜನವರಿಯಲ್ಲಿ ಸಚಿವ ಸಂಪುಟವು ಸರಾಸರಿ 48 ಯೂನಿಟ್ಟಿಗಿಂತ ಕಡಮೆ ಬಳಸುವವರಿಗೆ ಶೇಕಡಾ ಹತ್ತರ ಬದಲು ನೇರವಾಗಿ ಹತ್ತು ಯೂನಿಟ್ ಹೆಚ್ಚಿಗೆ ಕೊಡಲು ತೀರ್ಮಾನಿಸಿತು. 20 ಯೂನಿಟ್ಟಿನ ಮನೆಗೆ 22ರ ಬದಲು 30 ಬಂದಿತು. ಹಿಂದಿನ ಲೆಕ್ಕವಿಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ಟನ್ನು ಆಧಾರವಾಗಿಟ್ಟು 58 ಯೂನಿಟ್ಟಿನ ಹಕ್ಕನ್ನು ಗೊತ್ತುಮಾಡಿದರು. ಹೀಗಾಗಿ ಹಳೆಯ ಗುಡಿಸಲಿಗೆ 30, ನಿನ್ನೆ ಕಟ್ಟಿದ ಮನೆಗೆ 58 ಎಂಬ ವಿಚಿತ್ರ ಉಂಟಾಯಿತು.

200ರ ಗೆರೆಯಲ್ಲಿಯೂ ಒಂದು ಕಂದಕವಿದೆ. 150 ಯೂನಿಟ್ಟಿನ ಹಕ್ಕುಳ್ಳ ಒಂದು ಅವಿಭಕ್ತ ಕುಟುಂಬವಿದೆ. ಅಣ್ಣತಮ್ಮಂದಿರಿಬ್ಬರ ಸಂಸಾರ, ಹತ್ತು ಜನ, ಒಂದೇ ಮೀಟರು. ಬೇಸಗೆಯಲ್ಲಿ 200 ಯೂನಿಟ್ ಬಳಸಿದರೆ 2024-25ರ ದರದಲ್ಲಿ ಅವರು ಐವತ್ತು ಯೂನಿಟ್ಟಿಗೆ 295 ರೂಪಾಯಿ ಕೊಡಬೇಕಾಗಿತ್ತು. 201 ಆದರೆ 1185 ರೂಪಾಯಿ 90 ಪೈಸೆ, ಜೊತೆಗೆ ನಿಗದಿತ ಶುಲ್ಕ. ಪಟ್ಟಣದಲ್ಲಿ ಒಬ್ಬನೇ ವಾಸಿಸುವ ಅಧಿಕಾರಿಯ ಮನೆಗೂ ಈ ಹತ್ತು ಜನರ ಮನೆಗೂ ಗೆರೆ ಒಂದೇ.

ಹಾಗಾದರೆ ಯಾವುದು ಹೆಚ್ಚು ನ್ಯಾಯ? ಪ್ರತಿ ಮನೆಗೂ ಅದರ ಹಿಂದಿನ ಬಳಕೆಯನ್ನು ನೋಡದೆ ಸಮನಾದ ಒಂದು ತಳಪಾಯವನ್ನು ಕೊಡುವುದು ಒಂದು ದಾರಿ. ದಕ್ಷಿಣ ಆಫ್ರಿಕ 2003ರಲ್ಲಿ ಬಡವರ ಮನೆಗಳಿಗೆ ತಿಂಗಳಿಗೆ 50 ಯೂನಿಟ್ಟುಗಳನ್ನು ಉಚಿತವಾಗಿ ಕೊಡತೊಡಗಿತು. 2016ರಲ್ಲಿ ತಮಿಳುನಾಡು ಎಲ್ಲ ಮನೆಗಳಿಗೂ ಎರಡು ತಿಂಗಳಿಗೆ 100 ಯೂನಿಟ್ಟುಗಳನ್ನು ಉಚಿತವಾಗಿಸಿತು. ಹೊಸೂರು, ತಾಳವಾಡಿಗಳ ಕನ್ನಡ ಮನೆಗಳಿಗೂ ಅದು ಸಂದಿತು. ನಾವು ಆರಂಭದಲ್ಲಿ ಲೆಕ್ಕಹಾಕಿದ ಮನೆಗೆ 51 ಯೂನಿಟ್ ಬೇಕಾಗಿತ್ತು ಎಂಬುದನ್ನು ಜ್ಞಾಪಿಸಿಕೊಳ್ಳಿರಿ. ಎಲ್ಲರಿಗೂ ಅರವತ್ತು ಯೂನಿಟ್ಟಿನಷ್ಟು ತಳಪಾಯವಿದ್ದು, ಅದನ್ನು ಮೀರಿದವರು ಮೀರಿದಷ್ಟಕ್ಕೆ ಮಾತ್ರ ಕೊಡುವಂತಾದರೆ ಬಡವರಿಗೆ ಸಾಕಾದೀತು, ಯಾವ ಗೆರೆಯಲ್ಲಿಯೂ ಕಂದಕವಿರುವುದಿಲ್ಲ, ಖಜಾನೆಗೂ ಹೊರೆ ಇಳಿದೀತು ಎಂದು ನನ್ನ ಎಣಿಕೆ. ಹೆಚ್ಚು ಜನರಿರುವ ಮನೆಗೆ ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಪಡಿತರ ಚೀಟಿಯಲ್ಲಿ ತಲೆಗಳ ಎಣಿಕೆಯಿದೆ; ಅಕ್ಕಿಯನ್ನು ತಲೆಯೆಣಿಸಿ ಕೊಡುವಾಗ ಬೆಳಕನ್ನೇಕೆ ಕೊಡಬಾರದು ಎಂದು ಕೇಳಬಹುದು. ಆದರೆ ಹತ್ತು ಜನಕ್ಕೆ ಹತ್ತು ದೀಪ ಬೇಕಾಗುವುದಿಲ್ಲ. ಒಂದೇ ದೀಪದ ಕೆಳಗೆ ನಾಲ್ವರು ಓದಬಹುದು. ಹೀಗಾಗಿ ಅದು ಅಷ್ಟು ಸುಲಭವಾಗಿ ಬಗೆಹರಿಯುವ ಲೆಕ್ಕವಲ್ಲ.

ಉಚಿತವೆಂದು ನಾವು ಕರೆಯುವುದು ಯಾರಿಗೂ ಉಚಿತವಲ್ಲ. 2003ರ ವಿದ್ಯುಚ್ಛಕ್ತಿ ಕಾಯಿದೆಯ 65ನೆಯ ಪ್ರಕರಣದಂತೆ ಯಾವುದಾದರೂ ವರ್ಗದ ಬಳಕೆದಾರರಿಗೆ ರಿಯಾಯಿತಿ ಕೊಡಬಯಸುವ ರಾಜ್ಯ ಸರ್ಕಾರವು ಆ ಹಣವನ್ನು ವಿದ್ಯುತ್ ಕಂಪನಿಗೆ ಮುಂಗಡವಾಗಿ ಕೊಡಬೇಕು. ದಾವಣಗೆರೆ ಜಿಲ್ಲೆಗೆ ವಿದ್ಯುತ್ತನ್ನು ಹಂಚುವ ಬೆಸ್ಕಾಂ ಸಂಸ್ಥೆ 2002ರಲ್ಲಿ ಹುಟ್ಟಿದುದು. ಅದು ವಿದ್ಯುತ್ತನ್ನು ಕೊಂಡು ತಂದು ಮಾರುತ್ತದೆ. ಕೊಂಡದ್ದಕ್ಕೆ ಹಣ ತೆರಲೇಬೇಕು. ಸರ್ಕಾರದಿಂದ ಹಣ ತಡವಾದರೆ ಅದು ಸಾಲ ತರುತ್ತದೆ. ಆ ಸಾಲದ ಬಡ್ಡಿ ಒಂದಲ್ಲ ಒಂದು ದಿನ ಎಲ್ಲರ ದರದಲ್ಲಿ ಕಾಣಿಸಿಕೊಳ್ಳುತ್ತದೆ.

ಬಿಲ್ಲಿನಲ್ಲಿ ತಪ್ಪಿದ್ದರೆ ಏನು ಮಾಡಬೇಕು? ಹಳ್ಳಿಗಳಲ್ಲಿ ಮೀಟರನ್ನು ಓದಿ ಬಿಲ್ಲು ಕೊಡುವವರು ಗ್ರಾಮ ವಿದ್ಯುತ್ ಪ್ರತಿನಿಧಿಗಳು. ಅವರು ಬಾರದ ತಿಂಗಳು, ಅಥವಾ ಬಾಗಿಲು ಹಾಕಿದ್ದ ತಿಂಗಳು, ಹಿಂದಿನ ಸರಾಸರಿಯ ಮೇಲೆ ಅಂದಾಜು ಬಿಲ್ಲು ಹುಟ್ಟುತ್ತದೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣದಿಂದ ಮನೆಮನೆಗೆ ಹೋಗಲಾಗದೆ ರಾಜ್ಯದಲ್ಲಿ ಹೀಗೆಯೇ ಅಂದಾಜು ಬಿಲ್ಲುಗಳನ್ನು ಕೊಟ್ಟರು. ಮುಂದಿನ ತಿಂಗಳು ಎರಡು ತಿಂಗಳ ಬಳಕೆ ಒಟ್ಟಿಗೆ ಬಿಲ್ಲಾದಾಗ ಜನರು ಗಾಬರಿಗೊಂಡರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಬಳಕೆದಾರರ ಹಕ್ಕುಗಳ ನಿಯಮಗಳನ್ನು ಪ್ರಕಟಿಸಿತು. ಅವುಗಳಂತೆ ಒಂದು ಆರ್ಥಿಕ ವರ್ಷದಲ್ಲಿ ಒಬ್ಬ ಬಳಕೆದಾರನಿಗೆ ಎರಡಕ್ಕಿಂತ ಹೆಚ್ಚು ಅಂದಾಜು ಬಿಲ್ಲುಗಳನ್ನು ಕೊಡುವಂತಿಲ್ಲ. ಹಣ ಕಟ್ಟದವರ ಸಂಪರ್ಕವನ್ನು ಕಡಿಯುವ ಮುನ್ನ ಹದಿನೈದು ದಿನಗಳ ಲಿಖಿತ ಸೂಚನೆ ಕೊಡಬೇಕೆಂದು 2003ರ ಕಾಯಿದೆಯ 56ನೆಯ ಪ್ರಕರಣ ಹೇಳುತ್ತದೆ. ಬಿಲ್ಲುಗಳಲ್ಲಿ ಸತತವಾಗಿ ತೋರಿಸುತ್ತ ಬಾರದ ಬಾಕಿಯನ್ನು ಎರಡು ವರ್ಷ ಕಳೆದ ಮೇಲೆ ವಸೂಲು ಮಾಡುವಂತಿಲ್ಲವೆಂದೂ ಅದೇ ಪ್ರಕರಣದಲ್ಲಿದೆ. ದೂರನ್ನು ಮೊದಲು ಸ್ಥಳೀಯ ಉಪವಿಭಾಗದ ಕಚೇರಿಗೆ ಬರೆದು ಕೊಡಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಕಂಪನಿಯು ಕಾನೂನಿನಂತೆ ನಡೆಸಬೇಕಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅದರ ಮೇಲೆ ಲೋಕಪಾಲರಂತಿರುವ ವಿದ್ಯುತ್ ಓಂಬುಡ್ಸ್‌ಮನ್ ಅವರಿಗೆ ಹೋಗಬಹುದು. ದರವನ್ನೇ ಏರಿಸುವ ಪ್ರಸ್ತಾಪ ಬಂದಾಗ ಆಯೋಗವು ಆಕ್ಷೇಪಣೆಗಳನ್ನು ಕರೆದು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಕಾರ್ಖಾನೆಗಳ ಸಂಘದವರು ವಕೀಲರೊಡನೆ ಬರುತ್ತಾರೆ, ರೈತ ಸಂಘದವರು ಬರುತ್ತಾರೆ. ಇಪ್ಪತ್ತು ಯೂನಿಟ್ಟಿನ ಮನೆಯವರು ಒಂದು ದಿನದ ಕೂಲಿ ಬಿಟ್ಟು ಬರುವುದು ಅಪರೂಪ.

ಇವೆಲ್ಲವುಗಳಿಗೂ ಬೇಕಾದುದು ಒಂದು ಆಧಾರ. ತಿಂಗಳಿಗೊಮ್ಮೆ, ಸಾಧ್ಯವಾದರೆ ಒಂದೇ ತಾರೀಖಿನಂದು, ಮೀಟರಿನ ಅಂಕಿಯನ್ನು ಓದಿ ಹಳೆಯ ನೋಟ್ ಪುಸ್ತಕದಲ್ಲಿ ಬರೆದಿಡಬೇಕು. ಬಿಲ್ಲಿನ ಚೀಟಿಯನ್ನು ಅದರ ಪಕ್ಕಕ್ಕೆ ಅಂಟಿಸಬೇಕು. ಬಿಲ್ಲಿನ ಶಾಯಿ ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಮೊತ್ತವನ್ನು ಪೆನ್ನಿನಿಂದಲೂ ಬರೆದಿಡುವುದು ಒಳ್ಳೆಯದು. ಮನೆಯಲ್ಲಿ ಓದು ಬಲ್ಲವರು ಒಂಬತ್ತನೆಯ ತರಗತಿಯ ಹುಡುಗನೋ ಹುಡುಗಿಯೋ ಮಾತ್ರವಾಗಿದ್ದರೆ ಆ ಕೆಲಸ ಅವರದೇ ಆಗುತ್ತದೆ. ಅದಕ್ಕೆ ತಿಂಗಳಿಗೆ ಐದು ನಿಮಿಷ ಸಾಕು.